ಶೀಳನೆರೆಯ ಆಚಾರ್ರು ನನಗೆ ಮಾತ್ರ ಹೇಳಿದ್ದು

ಶೀಳನೆರೆಗೆ ಬಂದು ತಿಂಗಳೂ ಆಗಿರಲಿಲ್ಲ. ಮನೆ ಮಾಲೀಕರಾದ ಪುಟ್ಟಾಚಾರ್ರು ಒಂದು ಭಾನುವಾರ ನನ್ನ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ ಕೇಳಿದರು: "ಮೇಷ್ಟ್ರೇ, ಬೀಜ ತೆಗ್ಸುದ್ರೆ ಗಂಡಸು ಬದುಕ್ತಾನಾ?"

ನಾನು ವಿಜಯಪುರದ ಕಡೆಯವನು. ಕೃಷ್ಣರಾಜಪೇಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸ ಸಿಕ್ಕಿ ಬಂದಿದ್ದೆ. ಮಾತಿಗೊಮ್ಮೆ 'ರೀ' ಅಂದರೆ ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ನಮ್ಮಲ್ಲಿ ರೊಟ್ಟಿ ಅಗಿಯುತ್ತೇವೆ, ಇಲ್ಲಿ ಮುದ್ದೆ ನುಂಗುತ್ತಾರೆ. ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಆಚಾರ್ರ ಹೆಂಡತಿ ಸಾವಿತ್ರಮ್ಮ ಮಾಡುತ್ತಿದ್ದ ಬಸ್ಸಾರು ಇಲ್ಲದಿದ್ದರೆ ಆ ಮುದ್ದೆ ನನ್ನ ಗಂಟಲಿಗೆ ಇಳಿಯುತ್ತಿರಲಿಲ್ಲ. ಸಂಜೆ ಮಾತಾಡುವವರಿಲ್ಲದೆ ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದೆ.

ಆಚಾರ್ರು ಬಡಗಿ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಅವರ ಬೆನ್ನೆಲುಬಿಗೆ ಹರಡಿತ್ತು. ಆಗಾಗ ಚುಚ್ಚುಮದ್ದು, ಇಲ್ಲವೇ ಒಂದೇ ಸಲ ಬೀಜ ತೆಗೆಯುವ ಆಪರೇಷನ್ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು.

"ನಿಮ್ಮ ತಮ್ಮಂದಿರಿಗೆ ಹೇಳೀರೇನ್ರೀ?" ಎಂದೆ.

"ಅವ್ರಿಗೆ ಏಳುದ್ರೆ ಊರಿಗೇ ಏಳ್ದಂಗೆ. ನೀವು ಈ ಕಡೆಯೋರಲ್ವಲ್ಲ, ಅದ್ಕೇ ಕೇಳ್ದೆ."

ಪಾಠದಲ್ಲಿ ಹೇಳುವಂತೆಯೇ ಹೇಳಿದೆ. ಬೀಜದಲ್ಲಿ ಹುಟ್ಟುವ ಗಂಡು ಹಾರ್ಮೋನು ರಕ್ತದಲ್ಲಿ ಹರಿದು ಬಂದು ಕ್ಯಾನ್ಸರ್ ಕೋಶದೊಳಗಿನ ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಪ್ರೋಟೀನು ಕೋಶಕ್ಕೆ ಬೆಳೆಯುವಂತೆ ಸೂಚನೆ ಕೊಡುತ್ತದೆ. ಹಾರ್ಮೋನು ನಿಂತರೆ ಬೆಳವಣಿಗೆಯೂ ಕುಗ್ಗುತ್ತದೆ.

"ಅಂಗಾರೆ ಕಳೆಗೆ ನೀರಾಯಿಸ್ತಿರೋನು ನಾನೇ ಅನ್ನಿ."

ಆಪರೇಷನ್ ಆಯಿತು. ಊರಿಗೆ ಹರ್ನಿಯಾ ಎಂದರು. ಬೆನ್ನುನೋವು ಇಳಿದು ಮತ್ತೆ ಉಳಿ ಹಿಡಿದರು. ಆದರೆ ತಣ್ಣಗಿನ ಬೆಳಗಿನಲ್ಲೂ ಇದ್ದಕ್ಕಿದ್ದಂತೆ ಮೈ ಬೆವರುತ್ತಿತ್ತು. ತೋಳು ಸೊರಗಿತು. ಎದೆ ತುಸು ಉಬ್ಬಿದ್ದು ಕಾಣದಿರಲೆಂದು ಬೇಸಿಗೆಯಲ್ಲೂ ದಪ್ಪ ಅಂಗಿ ತೊಡುತ್ತಿದ್ದರು. ತಮ್ಮಂದಿರೊಂದಿಗೆ ಕಾಲುವೆಗೆ ಸ್ನಾನಕ್ಕೆ ಹೋಗುವುದನ್ನು ನಿಲ್ಲಿಸಿದರು.

ಎರಡನೆಯ ವರ್ಷ ಕ್ಯಾನ್ಸರ್ ತೋರಿಸುವ ರಕ್ತಪರೀಕ್ಷೆಯ ಅಂಕಿ ಮತ್ತೆ ಏರಿತು. ಮೈಸೂರಿನಿಂದ ಇಬ್ಬರೂ ಬಸ್ಸಿನಲ್ಲಿ ಬರುವಾಗ, ಪಾಂಡವಪುರ ದಾಟಿದ ಮೇಲೆ ಅವರು ಕೇಳಿದರು:

"ಮೂಲಾನೇ ತೆಗ್ದಾಕುದ್ರಲ್ಲ ಮೇಷ್ಟ್ರೇ. ಇನ್ನೆಲ್ಲಿಂದ ಬೆಳೀತದೆ?"

ಆ ಪ್ರೋಟೀನು ಈಗ ಚೂರುಪಾರು ಹಾರ್ಮೋನಿಗೂ ಚುರುಕಾಗುತ್ತದೆ, ಕೆಲವೊಮ್ಮೆ ಅದೂ ಬೇಕಾಗುವುದಿಲ್ಲ, ಬೇರೆ ಪ್ರೋಟೀನುಗಳೇ ಅದನ್ನು ಕೆಣಕುತ್ತವೆ ಎಂದೆ.

"ಅಂಗಾರೆ ಸುಮ್ನೆ ಕಳ್ಕಂಡೆ."

"ಇಲ್ರೀ. ಇಷ್ಟು ದಿನ ನಡೆದಾಡಿದಿರಲ್ಲ."

ಅವರು ಕಿಟಕಿಯತ್ತ ಮುಖ ತಿರುಗಿಸಿದರು.

ಮಾತ್ರೆಗಳು ಕೆಲವು ತಿಂಗಳು ತಡೆದವು. ಆಮೇಲೆ ಕಾಲು ಸ್ವಾಧೀನ ತಪ್ಪಿತು. ಮಳೆಗಾಲ ಮುಗಿಯುವ ಮೊದಲೇ ಹೋದರು. ಹೆಣದ ಪಕ್ಕ ನಿಂತಿದ್ದ ಅವರ ತಮ್ಮನೊಬ್ಬ ನನ್ನನ್ನು ಕೇಳಿದ: "ಹರ್ನಿಯಾದಿಂದ ಇಂಗಾಯ್ತದಾ ಮೇಷ್ಟ್ರೇ?" ಸಾವಿತ್ರಮ್ಮ ತಲೆ ಎತ್ತಿ ನನ್ನನ್ನೇ ನೋಡಿದರು. "ಒಂದೊಂದ್ಸಲ ಆಯ್ತದೆ ಕಣಣ್ಣ" ಎಂದೆ.

ದಸರೆ ರಜೆಗೆ ಊರಿಗೆ ಹೋದಾಗ ಅವ್ವ, "ಯಾಕೋ ತಮ್ಮಾ, ಇಷ್ಟ್ಯಾಕ ಸೊರಗೀದಿ?" ಎಂದಳು.

"ಮನೀ ಮಾಲಕರು ತೀರಿಕೊಂಡ್ರವ್ವಾ."

"ಇಷ್ಟಽ ಏನು? ಅವರೇನ್ ನಮ್ಮವರೇನೋ? ವರ್ಗಾ ಮಾಡಿಸ್ಕೊಂಡು ನಮ್ಮ ಕಡೆ ಬಂದುಬಿಡು."

ಬಿಸಿ ರೊಟ್ಟಿ ತಟ್ಟೆಗೆ ಹಾಕಿ ನನ್ನ ಉತ್ತರಕ್ಕೆ ಕಾದಳು. ನಾನು ರೊಟ್ಟಿ ಮುರಿದು, "ನಿನಗ ಬಸ್ಸಾರು ಮಾಡಾಕ ಬರ್ತದೇನವ್ವಾ?" ಎಂದೆ.