ಹರಿಗೋಲಿನಲ್ಲಿ ಹತ್ತು ಜನ

ಕಂಪ್ಲಿಯ ಎದುರು ದಡದಲ್ಲಿ, ಬಂಡೆಯೊಂದರ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅಲ್ಲಿಂದ ಹೊರಡುವ ಹೊಸಪೇಟೆಯ ಬಸ್ಸು ತಪ್ಪುವುದು ಖಂಡಿತ.

ಸ್ವಲ್ಪ ಹೊತ್ತಿನ ಹಿಂದೆ ನಾನೂ ದಡ ಬಿಡಲಿದ್ದ ಹರಿಗೋಲಿನಲ್ಲಿದ್ದೆ. ಪಕ್ಕದಲ್ಲಿದ್ದ ವಕೀಲರು ದೆಹಲಿಯಲ್ಲಿ ಸಂವಿಧಾನ ಬರೆಯುತ್ತಿರುವವರಿಗೆ ಒಂದು ಮನವಿ ಸಿದ್ಧಪಡಿಸಿದ್ದರು. ಸರ್ಕಾರ ವರಮಾನ ಮೀರಿ ಖರ್ಚು ಮಾಡಕೂಡದೆಂದು ಸಂವಿಧಾನದಲ್ಲೇ ಕಟ್ಟುಪಾಡು ಹಾಕಬೇಕಂತೆ. ನನಗೂ ಸರಿಯೆನಿಸಿ, ಸಹಿ ಹಾಕಲು ಕಾಗದ ತೆಗೆದುಕೊಂಡೆ.

ಅಷ್ಟರಲ್ಲಿ ಜ್ವರದ ಕೂಸನ್ನು ಎತ್ತಿಕೊಂಡು ಹೆಂಗಸೊಬ್ಬಳು ಓಡಿಬಂದಳು. ಕಂಪ್ಲಿಯ ಡಾಕ್ಟರ ಬಳಿ ಹೋಗಬೇಕಿತ್ತು. ಅಂಬಿಗ ಹುಟ್ಟನ್ನು ಅಡ್ಡ ಹಿಡಿದ.

“ನನ್ನ ಹಿಡಿದು ಹತ್ತು ಮಂದಿ ಆಗೇವವ್ವ. ಹೊಳಿ ತುಂಬಿದಾಗ ಹತ್ತರ ಮ್ಯಾಲೆ ಹತ್ತಿಸಂಗಿಲ್ಲ. ಗಂಗಮ್ಮನ ಪೂಜಿ ದಿನ ಆಣಿ ಮಾಡೀವಿ.”

“ಇದೊಂದು ಸಲ ಬಿಡಪ್ಪಾ, ಕೂಸಿನ ಜೀವ,” ಎಂದವರು ವಕೀಲರೇ.

“ನಿಮ್ಮ ಕಾಗದದಾಗ ಇದೊಂದು ಸಲ ಅಂತ ಬರದೀರೇನ್ರಿ?” ಅಂಬಿಗ ನಿಜವಾಗಿಯೂ ತಿಳಿಯಲೆಂದೇ ಕೇಳಿದ. “ನಾವು ಆಣಿ ಮುರದ್ರ ನಾವ ಮುಳುಗತೀವಿ. ಸರ್ಕಾರ ಮುರದ್ರ ಮುಳುಗೋರು ಯಾರ್ರಿ?”

ಜಾಗ ಬಿಟ್ಟು ಯಾರೂ ಏಳಲಿಲ್ಲ. ನಾನೇ ಇಳಿದೆ.

“ಈಗ ಬಾರವ್ವ, ಲೆಕ್ಕ ಸರಿ ಆತು,” ಎಂದ ಅಂಬಿಗ.

ಹರಿಗೋಲು ನಡುಹೊಳೆಯಲ್ಲಿ ಮೆಲ್ಲಗೆ ತಿರುಗುತ್ತ ಸಾಗಿದೆ. ಮನವಿ ನನ್ನ ಕೈಯಲ್ಲೇ ಉಳಿದಿದೆ. ಆಣೆ ಉಳಿಯಿತು, ಕೂಸೂ ದಾಟುತ್ತಿದೆ. ಹಾಗಾದರೆ ವಕೀಲರು ಬರೆದದ್ದೇ ಸರಿಯಲ್ಲವೇ? ಪೆನ್ನಿನ ಮುಚ್ಚಳ ತೆಗೆದೆ. ಯಾಕೋ ಒಮ್ಮೆ ದಡದಿಂದಲೇ ತಲೆಗಳನ್ನು ಎಣಿಸಿದೆ.

ಹನ್ನೊಂದಿವೆ. ಕಂಕುಳ ಕೂಸನ್ನು ಅಂಬಿಗ ಎಣಿಸಿರಲೇ ಇಲ್ಲ.