ಶ್ರುತಿ ಮಾಡಾಕತ್ತಾರ ಅಂದುಕೊಂಡರು

ವಯೋಲಾ ನುಡಿಸುತ್ತೇನೆ ಎಂದರೆ ನಮ್ಮ ಕಡೆಯ ಜನ ನನ್ನ ಕೈಯಲ್ಲಿರುವುದನ್ನು ನೋಡಿ, "ವಾಯಲಿನ್ ಅಲ್ಲೇನ್ರಿ ಇದು?" ಎನ್ನುತ್ತಾರೆ. ಅದಕ್ಕಿಂತ ತುಸು ದೊಡ್ಡದು, ದನಿ ತಗ್ಗಿನದು ಎಂದು ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಮುಂಬೈಯ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು ವರ್ಷಗಟ್ಟಲೆ ಬೇರೆಯವರು ಬರೆದದ್ದನ್ನು ನುಡಿಸಿದೆ. ಆಮೇಲೆ ಅದನ್ನು ಬಿಟ್ಟು, ಮೊದಲೇ ಏನೂ ಗೊತ್ತುಮಾಡಿಕೊಳ್ಳದೆ ವೇದಿಕೆಯ ಮೇಲೆ ಆ ಗಳಿಗೆಗೆ ಹುಟ್ಟಿದ್ದನ್ನು ನುಡಿಸತೊಡಗಿದೆ. ಅದನ್ನು ಕೇಳುವವರು ಎಲ್ಲಿಯೂ ಕಡಿಮೆಯೇ.

ಹಾಗಾಗಿ ಅಫಜಲಪುರದಿಂದ ಕರೆ ಬಂದಾಗ ಹಿಗ್ಗಿದೆ. ತಾಲ್ಲೂಕಿನ ಮಗಳಿಗೆ ಸನ್ಮಾನ, ನಂತರ ಅರ್ಧ ತಾಸು ಕಛೇರಿ. ಆಳಂದದ ಕಡೆಯ ಮಟಕಿ ಎಂಬ ಊರಿಗೆ ಮದುವೆಯಾಗಿ ಹೋಗಿದ್ದ ಅಕ್ಕನೂ ಬಂದು ಮುಂದಿನ ಸಾಲಿನಲ್ಲಿ ಕುಳಿತಳು.

ಶಾಲು, ಹಾರ, ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕರೆಂಟ್ ಹೋಗಿ ಶಾಮಿಯಾನದ ಹಿಂದೆ ಜನರೇಟರ್ ಗುಂಯ್‌ಗುಡುತ್ತಿತ್ತು. ನನಗೆ ಆ ಸದ್ದೇ ಹಿಡಿಸಿತು. ಎಲ್ಲಕ್ಕಿಂತ ದಪ್ಪನೆಯ ತಂತಿಯ ಮೇಲೆ ಕಮಾನು ಇಟ್ಟು, ಆ ಗುಂಯ್‌ಗೆ ತೀರ ಹತ್ತಿರದ ಒಂದು ಸ್ವರ ಹಿಡಿದೆ. ಎರಡೂ ಒಂದಕ್ಕೊಂದು ಉಜ್ಜಿ ನಡುಗತೊಡಗಿದವು. ಬಹಳ ದಿನಗಳ ಮೇಲೆ ನುಡಿಸುತ್ತಿರುವುದು ನನ್ನದೇ ಅನ್ನಿಸಿತು. ಅಷ್ಟರಲ್ಲಿ ನಿರೂಪಕರು ಮೆಲ್ಲಗೆ ಬಂದು ಕಿವಿಯಲ್ಲಿ ಕೇಳಿದರು:

"ಶ್ರುತಿ ಮಾಡೂದು ಮುಗೀತೇನ್ರಿ ಮೇಡಂ? ಮಂದಿ ಕಾಯಾಕತ್ತಾರ."

"ಶುರು ಆಗೇದ್ರಿ," ಎಂದೆ.

ಅವರಿಗೆ ಪಾಪ ಅನ್ನಿಸಿರಬೇಕು. "ಜನರೇಟರ್ ಸಪ್ಪಳದಾಗ ನಿಮಗ ಕೇಳಸ್ವಲ್ದು, ಬಂದ್ ಮಾಡಸ್ತೇನಿ ತಡೀರಿ," ಎಂದು ಹೋಗಿ ಅದನ್ನು ನಿಲ್ಲಿಸಿಯೇ ಬಿಟ್ಟರು. ನನ್ನ ಸ್ವರ ಒಂಟಿಯಾಗಿ, ಬಾಗಿಲು ಕಿರುಗುಟ್ಟಿದಂತೆ ಕೇಳಿತು. ಹಿಂದೆ ಯಾರೋ ನಕ್ಕರು. "ಒಂದ್ ವಚನ ಬಾರಸ್ರಿ" ಎಂದು ಇನ್ಯಾರೋ ಕೂಗಿದರು. ಬಾರಿಸಿದೆ. ಇಡೀ ಶಾಮಿಯಾನ ತಲೆದೂಗಿತು, ಚಪ್ಪಾಳೆ ನಿಲ್ಲಲಿಲ್ಲ. ಆ ಚಪ್ಪಾಳೆಯಷ್ಟು ನನಗೆ ಬೇರಾವುದೂ ಚುಚ್ಚಲಿಲ್ಲ.

ಬಸ್ಸಿನಲ್ಲಿ ಅಕ್ಕನನ್ನು ಕೇಳಿದೆ: "ಶ್ರುತಿ ಮಾಡಾಕತ್ತೀನಿ ಅಂತ ನೀನೂ ತಿಳಕೊಂಡ್ಯಾ?"

"ಇಲ್ಲ ಬೇ. ಯಾರ ಮ್ಯಾಲೋ ಸಿಟ್ಟಾಗೀದಿ ಅಂತ ತಿಳಕೊಂಡೆ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮುಂದೆ ಜೇವರ್ಗಿ ಊರಿನ ಕಾರ್ಯಕ್ರಮದವರು ಫೋನ್ ಮಾಡಿ, ಬರೇ ವಚನಗಳನ್ನು ನುಡಿಸಿದರೆ ಸಾಕು ಎಂದರು. ಒಲ್ಲೆ ಎಂದೆ. ಹಟಕ್ಕೆ ಬಿದ್ದು ಆಳಂದದ ಶಾಲೆಯೊಂದರ ಹಾಲ್ ಕೇಳಿಕೊಂಡು ನಾನೇ ಕಛೇರಿ ಇಟ್ಟುಕೊಂಡೆ. ಇಲ್ಲಿ ಹಾಡು ಇರುವುದಿಲ್ಲ, ಬರೇ ನಾದ ಇರುತ್ತದೆ ಎಂದು ಮೊದಲೇ ತಿಳಿಸಿ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಅಕ್ಕನೂ ಸೇರಿ ಎಲ್ಲರೂ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಕುರ್ಚಿಗಳು ಕರ್ರೆನ್ನತೊಡಗಿದವು. ಅರ್ಧ ಹಾಲ್ ಖಾಲಿಯಾಯಿತು. ನಡುವೆ ಒಮ್ಮೆ ಬೇಕೆಂದೇ ಕಮಾನು ಎತ್ತಿ ತುಸು ಬಿಡುವು ಕೊಟ್ಟದ್ದು ಬಿಟ್ಟರೆ, ನಾನು ಕೊನೆತನಕ ನುಡಿಸಿದೆ.

ಅಂದು ಅಕ್ಕನ ಮನೆಗೆ ಬಂದವಳಿಗೆ ಊಟ ಸೇರಲಿಲ್ಲ. ಅಕ್ಕ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟು ಎದುರಿಗೆ ಕುಳಿತಳು.

"ನಡುವ ಒಂದೀಟ ಹೊತ್ತು ಬಾರಸೂದು ನಿಲ್ಲಿಸಿದ್ದೆಲ್ಲಾ, ಆವಾಗ ನಾ ಉಸುರು ಹಿಡಕೊಂಡು ಕುಂತಿದ್ದೆ," ಎಂದಳು.

ನನ್ನ ಸಂಗೀತದ ಬಗ್ಗೆ ಯಾರೂ ಅಂಥ ಮಾತು ಆಡಿರಲಿಲ್ಲ. ಆದರೂ ತಟ್ಟೆಯನ್ನು ಅತ್ತ ಸರಿಸಿದೆ. ಎದ್ದುಹೋದವರ ಬೆನ್ನುಗಳೇ ಇನ್ನೂ ಕಣ್ಣ ಮುಂದಿದ್ದವು.