ಲಟ್ಟಣಿಗೆ ಮುಟ್ಟದ ಖರಾದಿ

ಕಟ್ಟಿಗೆ ಕಡೆಯುವುದನ್ನು ಖರಾದಿ ನನಗೆ ಕಲಿಸಿದರು ಎಂದು ಮಿರಜದಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಅವರು ನನ್ನನ್ನು ಓಡಿಸಲು ನೋಡಿದರು, ನಾನು ಓಡಲಿಲ್ಲ. ನಡೆದದ್ದು ಇಷ್ಟೇ. ಈಗ ಅವರು ಮಣ್ಣಿನಲ್ಲಿದ್ದಾರೆ, ಎದುರು ಮಾತಾಡಲಾರರು. ಆದರೂ ನಾನು ಹೇಳುವುದು ನಿಜವೇ.

ಅವರ ಹುಬ್ಬು, ಮೀಸೆ, ಕಿವಿಯ ಕೂದಲಿಗೆಲ್ಲ ಕಟ್ಟಿಗೆಯ ಹೊಟ್ಟು ಅಂಟಿರುತ್ತಿತ್ತು. ಅವರು ಸೀನಿದರೆ ಸುತ್ತಲಿದ್ದವರು ಮೈ ಜಾಡಿಸಿಕೊಳ್ಳಬೇಕು. ನಮ್ಮ ಹಿಂದಿನ ಓಣಿಯಲ್ಲಿ ಅಂಗಡಿ. ಆಯುಷ್ಯವೆಲ್ಲ ಕಡೆದದ್ದು ಸಿತಾರದ ಬಿರಡೆ. ತಂತಿ ಬಿಗಿಯುವ ಗೂಟ ಅದು. ಒಂದು ತುದಿ ದಪ್ಪ, ಇನ್ನೊಂದು ತೆಳ್ಳಗೆ.

ನನ್ನ ಮೊಮ್ಮಗಳ ಮದುವೆ ಸಾಂಗಲಿಯ ಮರಾಠಿ ಮನೆಗೆ ಗೊತ್ತಾಗಿತ್ತು. ಅವರಲ್ಲಿ ಹೆಣ್ಣಿನ ಕಡೆಯವರು ತಾವು ಮಾಡಿದ ಸಾಮಾನು, ತಿನಿಸುಗಳನ್ನು ಮದುವೆಯಲ್ಲಿ ಜೋಡಿಸಿಡಬೇಕು, ರುಖವತ ಎನ್ನುತ್ತಾರೆ.

"ಆಜಿ, ನಿನ್ನ ಕೈದು ಏನರೆ ಒಂದ ಪಾಯಿಜೆ ಬಘ," ಎಂದಳು ಮೊಮ್ಮಗಳು. ನಾನೇ ಕೈಯಾರೆ ಮಾಡಿದ್ದು ಏನಾದರೂ ಒಂದು ಬೇಕಂತೆ.

ನನಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಲಟ್ಟಣಿಗೆ ಮಾಡಿ ಇಡುತ್ತೇನೆ ಎಂದೆ. ಬಾಯಿಂದ ಬಂದುಹೋಯಿತು. ಹುಡುಗಿ ಊರೆಲ್ಲ ಹೇಳಿಬಿಟ್ಟಳು. ಹಿಂದಿನ ಓಣಿಯ ಅಂಗಡಿಗೆ ಹೋದೆ.

"ಅಕ್ಕಾ, ಲಟ್ಟಣಗಿ ಬಜಾರದಾಗ ಸಿಗತಾವರಿ," ಎಂದರು ಖರಾದಿ.

"ಗೊತ್ತದ. ಕಲಸ್ತೀರೋ ಇಲ್ಲೋ?"

"ಮೊದಲ ಸೆರಗ ಬಿಗದ ಕಟ್ಟರಿ. ಈ ಮೋಟಾರಕ್ಕ ಹಿರೇರು ಕಿರೇರು ಗೊತ್ತಾಗಂಗಿಲ್ಲ."

ಕಡೆಯುವ ಯಂತ್ರದ ಎರಡು ಮೊನೆಗಳ ನಡುವೆ ಕಟ್ಟಿಗೆ ಗಿರಗಿರ ತಿರುಗುತ್ತದೆ. ಉಳಿಯನ್ನು ಅದರ ಮುಂದಿನ ಪಟ್ಟಿಯ ಮೇಲೆ ಊರಿ, ಮೊದಲು ಉಳಿಯ ಬೆನ್ನು ತಾಗಿಸಿ, ಆಮೇಲೆ ಹರಿತವಾದ ಬಾಯಿ ಕೊಡಬೇಕು. ನಾನು ಜೋಳದ ಹಿಟ್ಟು ನಾದಿದ ಹಾಗೆ ಒತ್ತಿದೆ. ಕಟ್ಟಿಗೆ ಧಡ್ ಎಂದು ಹಾರಿ ಅವರ ಚಹಾದ ಕಪ್ಪನ್ನೂ ಕರೆದುಕೊಂಡು ಓಣಿಗೆ ಬಿತ್ತು.

"ಕಟ್ಟಗಿ ಏನ ನಿಮ್ಮ ಸೊಸೀ ಏನರಿ? ಹಂಗ್ಯಾಕ ಮ್ಯಾಲ ಬೀಳತೀರಿ?"

"ನನ್ನ ಸೊಸಿ ಹಾರಂಗಿಲ್ಲ. ತಿರಗಿ ಬೀಳತಾಳ."

"ಶಾಣ್ಯಾಕಿ ಅದಾಳ. ಬ್ಯಾರೇ ಕಟ್ಟಗಿ ತಗೋರಿ."

ದಿನಾ ಹೋದೆ. "ದಪ್ಪದಿಂದ ತೆಳುವಿಗೆ ಇಳೀರಿ, ಏರಬ್ಯಾಡ್ರಿ," ಎನ್ನುವುದೊಂದೇ ಅವರ ಮಂತ್ರ. ಇಳಿದೆ. ಮದುವೆಯ ಹಿಂದಿನ ದಿನ ಅಂತೂ ಒಂದು ನುಣ್ಣಗೆ ಬಂತು. ಮಣೆಯ ಮೇಲೆ ಉರುಳಿಸಿದರೆ ನೆಟ್ಟಗೆ ಹೋಗದೆ, ದುಂಡಗೆ ಸುತ್ತು ಹಾಕಿ ನನ್ನ ಕಡೆಗೇ ಬಂತು. ಒಂದು ತುದಿ ದಪ್ಪ, ಇನ್ನೊಂದು ತೆಳ್ಳಗೆ. ಬಿರಡೆ ಕಡೆಯುವವರ ಹತ್ತಿರ ಕಲಿತರೆ ಮತ್ತೇನಾದೀತು?

ಮತ್ತೆ ಉಳಿ ಹಚ್ಚಿ ಇದನ್ನೂ ಹಾರಿಸಿಬಿಟ್ಟರೆ ಎಂದು ನನಗೆ ಅಂಜಿಕೆ. "ನೀವ ಒಂದ ಸಲ ಹಚ್ಚರಿ, ಸೀದಾ ಆಗತದ," ಎಂದೆ.

ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ನಾ ಹಚ್ಚಿದರ ಛಂದ ಆಗತದರಿ. ಆದ್ರ ನಂದ ಆಗತದ. ಹುಡುಗಿ ಕೇಳಿದ್ದು ನಿಮ್ಮ ಕೈದು."

ಬೈದು ಎದ್ದುಬಂದೆ. ಏನು ಬೈದೆ ಎಂಬುದು ಇಲ್ಲಿ ಬರೆಯುವಂಥದಲ್ಲ.

ಮದುವೆಯ ದಿನ ಮದುಮಗನ ತಾಯಿ ರುಖವತದ ಮೇಜಿನ ಮೇಲೆ ಅದನ್ನು ಉರುಳಿಸಿ ನೋಡಿದಳು. ಅದು ಸುತ್ತು ಹೊಡೆದು ಲಾಡುಗಳ ಗೋಪುರಕ್ಕೆ ಬಡಿಯಿತು. ಮಂದಿ ನಕ್ಕರು. "ಹೇ ಕುಣೀ ಕೇಲಂ?" ಯಾರು ಮಾಡಿದ್ದು ಎಂದು ಆಕೆ ಕೇಳಿದಳು.

"ಮಾಝ್ಯಾ ಆಜೀನಂ!" ನನ್ನ ಅಜ್ಜಿ ಮಾಡಿದ್ದು ಎಂದಳು ಮೊಮ್ಮಗಳು. ಲಟ್ಟಣಿಗೆಯನ್ನೆತ್ತಿ ಉಡಿಯಲ್ಲಿಟ್ಟುಕೊಂಡಳು, ಮತ್ತೆ ಕೆಳಗಿಡಲಿಲ್ಲ.

ಊಟದ ಸಾಲಿನಿಂದ ಖರಾದಿ ಕೂಗಿದರು: "ನಾ ಮುಟ್ಟಿಲ್ಲರಿ ಅದನ್ನ! ನೋಡಿದ್ರ ತಿಳೀತದ!"

ಮರುದಿನ ಬೆಳಗ್ಗೆ ಅವರು ಬಾಗಿಲು ತೆಗೆಯಲು ಬಂದಾಗ ನಾನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದೆ.

"ಮದವಿ ಮುಗೀತಲ್ಲರಿ, ಅಕ್ಕಾ?"

"ಕಿರೀ ಮೊಮ್ಮಗಳು ಇನ್ನ ಸಣ್ಣಾಕಿ. ಈಗಿಂದ ಹಿಡದರ ಆಕೀ ಮದವಿಗೆ ಸೀದಾ ಬಂದೀತು."

ಅವರು ಸರಿದು ದಾರಿ ಬಿಟ್ಟರು. ನಾನು ಮೊನೆಗಳ ನಡುವೆ ಹೊಸ ಕಟ್ಟಿಗೆ ಬಿಗಿದೆ.